ನಮ್ಮೂರು ಯಾವ ಕಪಾಟಿನಲ್ಲಿದೆ?



ಸಮಾಜಕಾರ್ಯವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಬರೆದ ಕಿರುಪ್ರಬಂಧಗಳನ್ನು ಓದುವ ಅವಕಾಶ ನನಗೆ ಆಗಾಗ ಸಿಗುತ್ತದೆ. ಅವುಗಳ ಎರಡನೆಯ ಅಧ್ಯಾಯದಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ತಪ್ಪದೆ ಬರುತ್ತದೆ: ‘ಈ ವಿಷಯದ ಮೇಲೆ ಈ ಭಾಗದಲ್ಲಿ ಯಾವುದೇ ಅಧ್ಯಯನ ನಡೆದಿರುವುದಿಲ್ಲ.’ ಬರೆದವರು ಸುಳ್ಳು ಹೇಳುತ್ತಿಲ್ಲ. ಅವರು ಗ್ರಂಥಾಲಯಕ್ಕೆ ಹೋಗಿರುತ್ತಾರೆ, ಹುಡುಕಿರುತ್ತಾರೆ, ಏನೂ ಸಿಕ್ಕಿರುವುದಿಲ್ಲ. ಆದರೆ ಸಿಗದಿರುವುದು ಒಂದು, ಇಲ್ಲದಿರುವುದು ಇನ್ನೊಂದು. ಇವೆರಡರ ನಡುವಿನ ಅಂತರದ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಒಂದು ಉದಾಹರಣೆಯನ್ನೇ ಹಿಡಿದು ಹೊರಡೋಣ. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಒಬ್ಬ ವಿದ್ಯಾರ್ಥಿನಿ ಇದ್ದಾಳೆಂದು ಭಾವಿಸಿಕೊಳ್ಳಿ. ಅವಳ ಓಣಿಯಲ್ಲಿ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಕೆಲವು ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಗೋವಾ ಕಡೆಗೋ ಮಂಗಳೂರು ಕಡೆಗೋ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮುಂಗಾರು ಹಿಡಿಯುವ ಹೊತ್ತಿಗೆ ಮರಳುತ್ತಾರೆ. ಇದಕ್ಕೆ ನಮ್ಮಲ್ಲಿ ಗುಳೆ ಹೋಗುವುದು ಎನ್ನುತ್ತಾರೆ. ಹಾಗೆ ಹೋದ ಮಕ್ಕಳ ಶಾಲೆಯ ಗತಿ ಏನು ಎಂಬುದೇ ಅವಳು ಆರಿಸಿಕೊಂಡ ವಿಷಯ. ಒಳ್ಳೆಯ ವಿಷಯ. ಅವಳು ಗ್ರಂಥಾಲಯಕ್ಕೆ ಹೋಗುತ್ತಾಳೆ.

“ಸರ್, ಲಕ್ಷ್ಮೇಶ್ವರದಾಗ ಗುಳೆ ಹೋಗೋರ ಮಕ್ಕಳ ಬಗ್ಗೆ ಪುಸ್ತಕ ಐತೇನ್ರಿ?”

“ಅಂಥಾ ಪುಸ್ತಕ ಯಾವುದೂ ಇಲ್ಲವಾ ತಂಗಿ.”

ಗ್ರಂಥಪಾಲಕರು ಹೇಳಿದ್ದು ಸತ್ಯ. ಆ ಹೆಸರಿನ ಪುಸ್ತಕ ಇಲ್ಲ. ಹುಡುಗಿ ಮನೆಗೆ ಬಂದು ನಾನು ಮೊದಲು ಹೇಳಿದ ಆ ವಾಕ್ಯವನ್ನು ಬರೆಯುತ್ತಾಳೆ. ಇಲ್ಲಿ ತಪ್ಪಿದ್ದು ಎಲ್ಲಿ? ಅವಳು ತನ್ನ ಇಡೀ ಪ್ರಶ್ನೆಯನ್ನು ಒಂದೇ ಪುಸ್ತಕದಲ್ಲಿ ಹುಡುಕಿದಳು. ಅಷ್ಟೇ ಅಲ್ಲ, ತಾನು ಮನೆಯಲ್ಲಿ ಆಡುವ ಮಾತಿನಲ್ಲಿಯೇ ಹುಡುಕಿದಳು. ಗ್ರಂಥಾಲಯದಲ್ಲಿ ವಿಷಯಗಳಿಗೆ ಬೇರೆ ಹೆಸರುಗಳಿರುತ್ತವೆ. ಊರುಗಳಿಗೂ ಬೇರೆ ಹೆಸರುಗಳಿರುತ್ತವೆ.

ಮೊದಲು ವಿಷಯದ ಹೆಸರನ್ನು ತೆಗೆದುಕೊಳ್ಳೋಣ. ‘ಗುಳೆ’ ಎಂಬ ಶಬ್ದವನ್ನು ಇಂಗ್ಲಿಷ್ ಪುಸ್ತಕಗಳ ಸೂಚಿಯಲ್ಲಿ ಹುಡುಕಿದರೆ ಏನು ಸಿಕ್ಕೀತು? ಅಲ್ಲಿ ಅದು ‘ಸೀಸನಲ್ ಮೈಗ್ರೇಶನ್’ ಆಗಿರುತ್ತದೆ, ‘ಸರ್ಕ್ಯುಲರ್ ಮೈಗ್ರೇಶನ್’ ಆಗಿರುತ್ತದೆ, ಕೆಲವೊಮ್ಮೆ ‘ಡಿಸ್ಟ್ರೆಸ್ ಮೈಗ್ರೇಶನ್’ ಆಗಿರುತ್ತದೆ. ಕನ್ನಡದ ಸರಕಾರಿ ವರದಿಯಲ್ಲಿ ‘ಋತುಮಾನದ ವಲಸೆ’ ಅಥವಾ ‘ಹಂಗಾಮಿ ವಲಸೆ’ ಎಂದಿರಬಹುದು. ಆದ್ದರಿಂದ ಗ್ರಂಥಾಲಯದ ಮೆಟ್ಟಿಲು ಹತ್ತುವ ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು ನಿಮ್ಮ ವಿಷಯಕ್ಕೆ ಇರುವ ಹೆಸರುಗಳನ್ನೆಲ್ಲ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ಆ ಹಾಳೆ ಮುಂದೆ ಹತ್ತು ದಿನಗಳನ್ನು ಉಳಿಸುತ್ತದೆ.

ಎರಡನೆಯದಾಗಿ, ಆ ಪ್ರಶ್ನೆ ಒಂದೇ ಕಪಾಟಿನಲ್ಲಿ ಕುಳಿತಿರುವುದಿಲ್ಲ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಪುಸ್ತಕಗಳನ್ನು ಜೋಡಿಸಿದ ಗ್ರಂಥಾಲಯದಲ್ಲಿ ಸಮಾಜಕಾರ್ಯದ ಪುಸ್ತಕಗಳು 361ರಲ್ಲಿ ಇರುತ್ತವೆ. ಮಕ್ಕಳ ಕಲ್ಯಾಣ 362.7ರಲ್ಲಿ. ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ, ನೋಡಿ, ಹಿಂದಿರುಗುತ್ತಾರೆ. ಆದರೆ ಜನರ ವಲಸೆ 304.8ರಲ್ಲಿದೆ. ಕೂಲಿಕಾರರ ವಿಚಾರ 331ರಲ್ಲಿದೆ. ಶಾಲೆ ಬಿಡುವ ಮಕ್ಕಳ ವಿಚಾರ 371ರಲ್ಲಿದೆ. ಕರ್ನಾಟಕದ ಚರಿತ್ರೆ 954.87ರಲ್ಲಿದೆ. ಒಬ್ಬ ಕೂಲಿಕಾರನ ಮಗಳು ಶಾಲೆ ಬಿಟ್ಟರೆ ಅದು ಅವಳ ಮನೆಯಲ್ಲಿ ಒಂದೇ ಸಂಗತಿ. ಗ್ರಂಥಾಲಯದಲ್ಲಿ ಐದು ಕಪಾಟು. ಕೆಲವು ಗ್ರಂಥಾಲಯಗಳಲ್ಲಿ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವಿರುತ್ತದೆ. ಅಲ್ಲಿ ಅಂಕಿಗಳ ಬದಲು ಅಕ್ಷರಗಳು: ಟಿ ಎಂದರೆ ಶಿಕ್ಷಣ, ವಿ ಎಂದರೆ ಇತಿಹಾಸ, ಎಕ್ಸ್ ಎಂದರೆ ಅರ್ಥಶಾಸ್ತ್ರ, ವೈ ಎಂದರೆ ಸಮಾಜಶಾಸ್ತ್ರ. ಇವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ‘ಇಲ್ಲಿ ಯಾವ ಪದ್ಧತಿ ಇದೆ, ವಲಸೆಯ ಪುಸ್ತಕ ಎಲ್ಲಿ, ಕೂಲಿಕಾರರ ಪುಸ್ತಕ ಎಲ್ಲಿ’ ಎಂದು ಕೇಳಿದರೆ ಸಾಕು. ಗ್ರಂಥಪಾಲಕರಿಗೆ ಪುಸ್ತಕದ ಹೆಸರು ಹೇಳಬೇಡಿ, ನಿಮ್ಮ ಪ್ರಶ್ನೆಯನ್ನು ಹೇಳಿ. ಪುಸ್ತಕದ ಹೆಸರು ಕೇಳಿದರೆ ಅವರು ಇದೆ ಅಥವಾ ಇಲ್ಲ ಎನ್ನುತ್ತಾರೆ. ಪ್ರಶ್ನೆಯನ್ನು ಹೇಳಿದರೆ ಕುರ್ಚಿಯಿಂದ ಏಳುತ್ತಾರೆ.

ಯಾವುದೇ ವಿಷಯಕ್ಕೆ ಮೊದಲ ಪರಿಚಯ ಬೇಕಾದರೆ ಆಕರ ಗ್ರಂಥಗಳ ವಿಭಾಗದಲ್ಲಿ ಭಾರತದ ಸಮಾಜಕಾರ್ಯ ವಿಶ್ವಕೋಶವನ್ನು ಕೇಳಿ. ಅದು 1968ರಲ್ಲಿ ಮೊದಲ ಬಾರಿಗೆ, 1987ರಲ್ಲಿ ಪರಿಷ್ಕೃತವಾಗಿ ಬಂದಿದೆ. ಹಳೆಯದು ನಿಜ; ಹಾಗಿದ್ದರೂ ಒಂದು ಸೇವೆ ನಮ್ಮ ದೇಶದಲ್ಲಿ ಹೇಗೆ ಬೆಳೆದು ಬಂತು ಎಂಬುದನ್ನು ತಿಳಿಯಲು ಅದರಂಥದು ಸುಲಭವಾಗಿ ಸಿಗುವುದಿಲ್ಲ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಇಂಡಿಯನ್ ಜರ್ನಲ್ ಆಫ್ ಸೋಶಿಯಲ್ ವರ್ಕ್’ 1940ರಲ್ಲಿ ಆರಂಭವಾದ ಪತ್ರಿಕೆ. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯನ್ನೂ ನೋಡಬೇಕು. ಕೂಲಿಕಾರರ ವಲಸೆಯ ಬಗ್ಗೆ ಯಾನ್ ಬ್ರೆಮನ್ ಅವರು 1996ರಲ್ಲಿ ಪ್ರಕಟಿಸಿದ ‘ಫುಟ್‌ಲೂಸ್ ಲೇಬರ್’ ದಕ್ಷಿಣ ಗುಜರಾತಿನ ಕಥೆ. ಆದರೆ ಬೀಗ ಹಾಕಿದ ಮನೆಯ ಅರ್ಥವನ್ನು ಲಕ್ಷ್ಮೇಶ್ವರದ ಹುಡುಗಿ ಅದರಲ್ಲಿಯೂ ಕಲಿಯಬಹುದು. ನಮ್ಮ ಊರಿನ ಹೆಸರಿಲ್ಲದ ಪುಸ್ತಕವೂ ನಮ್ಮ ಊರಿನ ಪುಸ್ತಕವಾಗಬಲ್ಲದು.

ಇನ್ನು ಊರಿನ ಹೆಸರಿಗೆ ಬರೋಣ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿಯೇ. ನಾನು ಕಂಡ ಮಟ್ಟಿಗೆ, ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ, ನಾನೂ ಎಡವಿದ್ದೇನೆ.

ಲಕ್ಷ್ಮೇಶ್ವರ ಎಂದರೆ ಯಾವ ಊರು? ಶಾಸನಗಳಲ್ಲಿ ಅದು ಪೊರಿಗೆರೆ, ಪುಲಿಗೆರೆ, ಹುಲಿಗೆರೆ. ಪಂಪನ ಕಾಲಕ್ಕೆ ಒಳ್ಳೆಯ ಕನ್ನಡಕ್ಕೆ ಹೆಸರಾಗಿದ್ದ ಪುಲಿಗೆರೆ ಇದೇ. ಅದಕ್ಕೂ ಹಿಂದಿನ, ಸುಮಾರು 725ರ ಒಂದು ಶಾಸನ ಇಲ್ಲಿಯದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನ ಕಾಲದ್ದು. ಪೊರಿಗೆರೆಯ ಮಹಾಜನರು, ನಗರದವರು ಮತ್ತು ಹದಿನೆಂಟು ಪ್ರಕೃತಿಗಳು ಎಂದು ಕರೆಯಲಾದ ಪ್ರಜೆಗಳು ಅರಸನ ಅಧಿಕಾರಿಗಳೊಡನೆ ಹೇಗೆ ನಡೆದುಕೊಳ್ಳಬೇಕು, ಅಧಿಕಾರಿಗಳು ಅವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಆಚಾರವ್ಯವಸ್ಥೆ ಅದರಲ್ಲಿದೆ. ಮನೆಗಳ ಅಂತಸ್ತನ್ನು ನೋಡಿ ಕೊಡಬೇಕಾದ ತೆರಿಗೆಯ ಮಾತೂ ಇದೆ. ಸಮಾಜಕಾರ್ಯದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಶಾಸನ ಯಾವುದು? ಆದರೆ ಅದನ್ನು ಸಂಪಾದಿಸಿದವರು ಎಲ್. ಡಿ. ಬಾರ್ನೆಟ್, ಅದು ಇರುವುದು ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ. ಆ ಸಂಪುಟ ಇತಿಹಾಸದ ಕಪಾಟಿನಲ್ಲಿ ಇರುತ್ತದೆ. ಸಮಾಜಕಾರ್ಯದವರು ಆ ಕಡೆಗೆ ಸುಳಿಯುವುದೇ ಇಲ್ಲ.

ಶಾಸನದ ಕಾಲ ಬಿಡಿ, ಅಜ್ಜನ ಕಾಲಕ್ಕೆ ಬನ್ನಿ. ಇಂದು ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲವೂ ಒಂದೇ ಜಿಲ್ಲೆ. ಬ್ರಿಟಿಷರ ಕಾಲದಲ್ಲಿ ಹಾಗಿರಲಿಲ್ಲ. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮಿರಜ ಹಿರಿಯ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರದಿಂದ ಗದಗಿಗೆ ಇರುವುದು ಸುಮಾರು 40 ಕಿಲೋಮೀಟರು. ಆ ದಾರಿಯಲ್ಲಿ ನಮ್ಮ ಅಜ್ಜಂದಿರು ಒಂದು ಆಡಳಿತದಿಂದ ಇನ್ನೊಂದು ಆಡಳಿತಕ್ಕೆ ದಾಟುತ್ತಿದ್ದರು.

ಇದರಿಂದ ಗ್ರಂಥಾಲಯದಲ್ಲಿ ಏನಾಗುತ್ತದೆ ನೋಡಿ. ನೀವು ಕಷ್ಟಪಟ್ಟು 1884ರ ಧಾರವಾಡ ಗೆಜೆಟಿಯರನ್ನು ಹುಡುಕಿ ತೆಗೆಯುತ್ತೀರಿ. ಮುಂಬಯಿ ಪ್ರಾಂತದ ಗೆಜೆಟಿಯರ್ ಮಾಲೆಯಲ್ಲಿ ಅದು 22ನೆಯ ಸಂಪುಟ. ಬರಗಾಲ, ಬೆಳೆ, ಕೂಲಿ, ಶಾಲೆ, ಸಾಲ ಎಲ್ಲದರ ವಿವರ ಅದರಲ್ಲಿದೆ. ತಾಲೂಕುವಾರು ಅಂಕಿಗಳಲ್ಲಿ ಗದಗ ಸಿಗುತ್ತದೆ, ಲಕ್ಷ್ಮೇಶ್ವರದ್ದು ಸಿಗುವುದಿಲ್ಲ. ‘ಆಗ ಲಕ್ಷ್ಮೇಶ್ವರ ಸಣ್ಣ ಊರಾಗಿತ್ತು, ಆದ್ದರಿಂದ ಲೆಕ್ಕಕ್ಕೆ ತೆಗೆದುಕೊಂಡಿಲ್ಲ’ ಎಂದು ಬರೆದ ಪ್ರಬಂಧವನ್ನು ನಾನು ನೋಡಿದ್ದೇನೆ. ಸಣ್ಣ ಊರಾಗಿದ್ದುದರಿಂದ ಅಲ್ಲ, ಬೇರೆಯವರ ಊರಾಗಿದ್ದುದರಿಂದ! ಮುಂಬಯಿ ಪ್ರಾಂತದ ಹಳೆಯ ಜನಗಣತಿ ಸಂಪುಟಗಳಲ್ಲಿ ದೇಶೀಯ ಸಂಸ್ಥಾನಗಳ ಕೋಷ್ಟಕಗಳು ಬೇರೆಯಾಗಿ ಬರುತ್ತವೆ. ಅಲ್ಲಿ ಮಿರಜವನ್ನು ಹುಡುಕಬೇಕು. ಸಂಸ್ಥಾನದ ದಫ್ತರದ ಕಾಗದಪತ್ರಗಳು ಮರಾಠಿಯಲ್ಲಿ, ಹಳೆಯವು ಮೋಡಿ ಲಿಪಿಯಲ್ಲಿ ಇರುತ್ತವೆ. ಮೋಡಿ ಓದಬಲ್ಲ ಹಿರಿಯರು ನಿಮ್ಮ ಊರಿನಲ್ಲಿ ಇನ್ನೂ ಯಾರಾದರೂ ಇದ್ದರೆ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಇಂದೇ ಹೋಗಿ ಮಾತನಾಡಿಸಿ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದ ಸಂಗತಿಯನ್ನು ನೀವು ಓದಿರುತ್ತೀರಿ. ಅದರ ಹಿಂದಿನ 1904ರ ಸಹಕಾರಿ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಮಾಡಿದ್ದು. ಕಣಗಿನಹಾಳ ಆ ಎಲ್ಲೆಯೊಳಗೆ ಇತ್ತು. ಆದ್ದರಿಂದ ಗದಗ ತಾಲೂಕಿನ ಸಂಘಗಳ ಹಳೆಯ ವಿವರವನ್ನು ಮುಂಬಯಿ ಪ್ರಾಂತದ ಸಹಕಾರಿ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹುಡುಕಬಹುದು. ಸಂಸ್ಥಾನದ ಹಳ್ಳಿಗಳ ವಿವರವನ್ನೂ ಅಲ್ಲಿಯೇ ಹುಡುಕಿ, ಸಿಗದೆ, ‘ಈ ಭಾಗದ ರೈತರಿಗೆ ಸಹಕಾರದ ಅರಿವೇ ಇರಲಿಲ್ಲ’ ಎಂದು ತೀರ್ಮಾನಿಸಿದರೆ ಅದು ಆ ರೈತರಿಗೆ ಮಾಡಿದ ಅನ್ಯಾಯ.

ಮುಂದಿನ ಕಥೆಯನ್ನು ವೇಗವಾಗಿ ಹೇಳಿಬಿಡುತ್ತೇನೆ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. 1956ರಲ್ಲಿ ಧಾರವಾಡ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಧಾರವಾಡವನ್ನು ಒಡೆದು ಗದಗ, ಹಾವೇರಿ ಜಿಲ್ಲೆಗಳನ್ನು ಮಾಡಿದರು. ಶಿರಹಟ್ಟಿ ತಾಲೂಕಿನಲ್ಲಿದ್ದ ಲಕ್ಷ್ಮೇಶ್ವರ 2018ರಲ್ಲಿ ತಾನೇ ತಾಲೂಕಾಯಿತು. ಹೀಗಾಗಿ ಒಂದೇ ಊರಿನ ನೂರು ವರ್ಷದ ವಿವರ ಮಿರಜ, ಧಾರವಾಡ, ಶಿರಹಟ್ಟಿ, ಗದಗ ಎಂಬ ನಾಲ್ಕು ಹೆಸರಿನ ಕೆಳಗೆ ಹಂಚಿಹೋಗಿದೆ.

ನಾನು ಎಡವಿದ್ದು ಇಲ್ಲಿಯೇ ಎಂದೆನಲ್ಲ, ಅದನ್ನು ಹೇಳಬೇಕು. ಹಿಂದೊಮ್ಮೆ ಒಂದು ಸಂಸ್ಥೆಗೆ ವರದಿ ಬರೆದುಕೊಡುವಾಗ ನಾನು 1991 ಮತ್ತು 2001ರ ಜನಗಣತಿಗಳನ್ನು ಮುಂದಿಟ್ಟುಕೊಂಡು ಧಾರವಾಡ ಜಿಲ್ಲೆಯ ಜನಸಂಖ್ಯೆಯನ್ನು ಹೋಲಿಸಿದೆ. 1991ರಲ್ಲಿ ಸುಮಾರು 35 ಲಕ್ಷ, 2001ರಲ್ಲಿ ಸುಮಾರು 16 ಲಕ್ಷ. ಜನಸಂಖ್ಯೆ ಅರ್ಧಕ್ಕೂ ಕೆಳಗೆ ಇಳಿದಿದೆ! ನನಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ಬರ, ವಲಸೆ ಎಂದು ಕಾರಣಗಳನ್ನೂ ಒಂದು ಪುಟ ಬರೆದೆ. ಟೈಪು ಮಾಡಿಕೊಡುತ್ತಿದ್ದ ಹುಡುಗ ಹಾಳೆಯನ್ನು ಹಿಡಿದು ಬಂದು, “ಸರ್, ನಾವು ಗದಗದವರು ಈಗ ಇದರೊಳಗ ಇಲ್ಲಲ್ರಿ?” ಎಂದ. ಧಾರವಾಡ, ಗದಗ, ಹಾವೇರಿ ಮೂರನ್ನೂ ಕೂಡಿಸಿದರೆ 2001ರ ಲೆಕ್ಕ ಸುಮಾರು 40 ಲಕ್ಷ ಆಗುತ್ತದೆ. ಜನ ಎಲ್ಲಿಗೂ ಹೋಗಿರಲಿಲ್ಲ, ಗೆರೆ ಸರಿದಿತ್ತು. ಆ ಒಂದು ಪುಟ ಕಾರಣಗಳನ್ನು ನಾನು ಹರಿದು ಹಾಕಿದೆ. ಆ ಹುಡುಗನ ಉಪಕಾರ ದೊಡ್ಡದು.

ಇದೇ ಗಂಡಾಂತರ ಇಂದು ಲಕ್ಷ್ಮೇಶ್ವರದ ವಿದ್ಯಾರ್ಥಿನಿಗೆ ತಾಲೂಕಿನ ಮಟ್ಟದಲ್ಲಿ ಕಾದಿದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಕೊಟ್ಟ ವರದಿ ನಮ್ಮ ರಾಜ್ಯದಲ್ಲಿ ಬಡತನದ ಬಗ್ಗೆ ಕೆಲಸ ಮಾಡುವವರು ನೋಡಲೇಬೇಕಾದದ್ದು. ಅದು ಅಂದಿನ 175 ತಾಲೂಕುಗಳನ್ನು ಅಳೆದು, 114 ತಾಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 175ರಲ್ಲಿ ಲಕ್ಷ್ಮೇಶ್ವರ ಇಲ್ಲ, ಶಿರಹಟ್ಟಿ ಇದೆ. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಗೆ ಐದೇ ತಾಲೂಕು: ಗದಗ, ಮುಂಡರಗಿ, ನರಗುಂದ, ರೋಣ, ಶಿರಹಟ್ಟಿ. 2014ರಲ್ಲಿ ಪ್ರಕಟವಾದ ಗದಗ ಜಿಲ್ಲಾ ಮಾನವ ಅಭಿವೃದ್ಧಿ ವರದಿಯೂ ತಾಲೂಕು ಒಡೆಯುವ ಮೊದಲಿನದು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋದದ್ದರಿಂದ ಹಳ್ಳಿ ಹಳ್ಳಿಯ ಪೂರ್ಣ ಕೋಷ್ಟಕ ಬೇಕೆಂದರೆ 2011ರದ್ದನ್ನೇ ಹಿಡಿಯಬೇಕಾಗಿ ಬಂದಿದೆ.

ಹಾಗಾದರೆ ಲಕ್ಷ್ಮೇಶ್ವರ ತಾಲೂಕಿನ ಅಂಕಿ ಇಲ್ಲವೇ? ಇದೆ. ಕೂಡಿಸಿಕೊಳ್ಳಬೇಕು. ಜನಗಣತಿ ಇಲಾಖೆ ಪ್ರತಿ ಜಿಲ್ಲೆಗೆ ‘ಜಿಲ್ಲಾ ಜನಗಣತಿ ಕೈಪಿಡಿ’ ಎಂಬ ಪುಸ್ತಕವನ್ನು ಹೊರಡಿಸುತ್ತದೆ. 2011ರ ಕೈಪಿಡಿಗೆ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಪ್ರತಿ ಹಳ್ಳಿಯ ಶಾಲೆ, ಆಸ್ಪತ್ರೆ, ನೀರು, ರಸ್ತೆ ಮುಂತಾದ ಸೌಕರ್ಯಗಳ ವಿವರ. ಎರಡನೆಯ ಭಾಗದಲ್ಲಿ ಪ್ರತಿ ಹಳ್ಳಿಯ ಮನೆಗಳು, ಗಂಡಸರು, ಹೆಂಗಸರು, ಆರು ವರ್ಷದೊಳಗಿನ ಮಕ್ಕಳು, ಅಕ್ಷರಸ್ಥರು, ದುಡಿಯುವವರು. ತಹಶೀಲ್ದಾರರ ಕಚೇರಿಯಿಂದ ಈಗಿನ ತಾಲೂಕಿನ ಹಳ್ಳಿಗಳ ಪಟ್ಟಿಯನ್ನು ಪಡೆಯಿರಿ. ಕೈಪಿಡಿಯ ಶಿರಹಟ್ಟಿ ತಾಲೂಕಿನ ಪುಟಗಳಲ್ಲಿ ಶಿಗ್ಲಿ, ಸೂರಣಗಿ, ಬಾಲೆಹೊಸೂರು ಹೀಗೆ ಒಂದೊಂದೇ ಹಳ್ಳಿಗೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡು (ನಿಮ್ಮ ನಕಲು ಪ್ರತಿಯಲ್ಲಿ, ಗ್ರಂಥಾಲಯದ ಪುಸ್ತಕದಲ್ಲಿ ಅಲ್ಲ) ಕೂಡಿಸಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ. ನಿಮ್ಮ ಪ್ರಬಂಧದಲ್ಲಿ ಆ ಕೋಷ್ಟಕದ ಕೆಳಗೆ, ಅದನ್ನು ಹೇಗೆ ಕೂಡಿಸಿದಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಓದಿದ ಪರೀಕ್ಷಕರು ನಿಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಇಂಗ್ಲಿಷಿನ ಕಾಗುಣಿತವೂ ಒಂದು ತೊಡಕು. ಲಕ್ಷ್ಮೇಶ್ವರವನ್ನು ಒಬ್ಬರು ‘ಕೆ-ಎಸ್-ಎಚ್’ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ನಡುವೆ ಒಂದೇ ‘ಎಕ್ಸ್’ ಹಾಕಿ ಮುಗಿಸುತ್ತಾರೆ. ಹಳೆಯ ಪುಸ್ತಕಗಳಲ್ಲಿ ಧಾರವಾಡದ ಕೊನೆಯ ಅಕ್ಷರ ‘ಆರ್’, ಈಗ ‘ಡಿ’. ಕಂಪ್ಯೂಟರಿನಲ್ಲಿ ಹುಡುಕುವಾಗ ಒಂದು ಕಾಗುಣಿತಕ್ಕೆ ‘ಏನೂ ಇಲ್ಲ’ ಎಂದು ಬಂದರೆ ಇನ್ನೊಂದನ್ನು ಹಾಕಿ ನೋಡಿ. ಯಂತ್ರಕ್ಕೆ ನಿಮ್ಮೂರು ಗೊತ್ತಿಲ್ಲ.

ಈಗ ಮತ್ತೆ ಆ ಬೀಗ ಹಾಕಿದ ಮನೆಗೆ ಬರೋಣ. ಅಂಕಿಗಳನ್ನು ತಂದ ಮೇಲೆ ಅವು ಏನನ್ನು ಅಳೆದಿವೆ ಎಂದು ಕೇಳಬೇಕು. ಸರಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2007-08ರಲ್ಲಿ ವಲಸೆಯ ಬಗ್ಗೆ ದೊಡ್ಡ ಸಮೀಕ್ಷೆ ಮಾಡಿತು. ಅಲ್ಪಾವಧಿ ವಲಸೆ ಎಂಬುದಕ್ಕೆ ಅದರ ಅರ್ಥವಿವರಣೆಯನ್ನು ಓದಿ: ಹಿಂದಿನ 365 ದಿನಗಳಲ್ಲಿ ಒಂದು ತಿಂಗಳು ಅಥವಾ ಹೆಚ್ಚು, ಆದರೆ ಆರು ತಿಂಗಳಿಗಿಂತ ಕಡಿಮೆ ಕಾಲ, ಉದ್ಯೋಗಕ್ಕಾಗಿ ಅಥವಾ ಉದ್ಯೋಗ ಹುಡುಕಿಕೊಂಡು ಊರು ಬಿಟ್ಟಿದ್ದವರು. ಈಗ ಎಂಟು ವರ್ಷದ ಒಂದು ಹುಡುಗಿಯನ್ನು ನೆನೆಯಿರಿ. ಅವಳು ಅಪ್ಪ ಅವ್ವನ ಜೊತೆಗೆ ಹೋಗಿದ್ದಾಳೆ, ತಮ್ಮನನ್ನು ಎತ್ತಿಕೊಂಡಿದ್ದಾಳೆ. ಅವಳು ಉದ್ಯೋಗಕ್ಕಾಗಿ ಹೋದವಳಲ್ಲ. ಆ ಲೆಕ್ಕದಲ್ಲಿ ಅವಳಿಲ್ಲ.

ಜನಗಣತಿಯಲ್ಲಿ? 2011ರಲ್ಲಿ ಗಣತಿದಾರರು ಮನೆ ಮನೆಗೆ ಬಂದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಊರಿನಲ್ಲಿ ಇರದಿದ್ದವರನ್ನು ಆ ಊರಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಅವರು ಇದ್ದ ಸ್ಥಳದಲ್ಲಿ ಎಣಿಸಬೇಕು. ನಮ್ಮ ಕಡೆ ಗುಳೆ ಹೋಗುವ ಕಾಲ ಯಾವುದು? ಅದೇ ಕಾಲ. ಗಣತಿದಾರರು ಬಂದಾಗ ಆ ಮನೆಗೆ ಬೀಗ. ಗೋವಾದ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಯಾರಾದರೂ ಹೋಗಿ ಎಣಿಸಿದ್ದರೆ ಸರಿ. ಅಂದರೆ ನಮ್ಮ ವಿದ್ಯಾರ್ಥಿನಿ ಯಾರ ಬಗ್ಗೆ ಬರೆಯಬೇಕೆಂದಿದ್ದಾಳೋ ಆ ಮಗುವೇ ಎರಡು ದೊಡ್ಡ ಲೆಕ್ಕಗಳ ಸಂದಿಯಲ್ಲಿ ಬಿದ್ದುಹೋಗುವ ಸಾಧ್ಯತೆ ಇದೆ. ಋತುಮಾನದ ವಸತಿ ಶಾಲೆ ಬೇಕೋ ಬೇಡವೋ ಎಂದು ಕಚೇರಿಯಲ್ಲಿ ಕೂತವರು ನೋಡುವುದು ಅಂಕಿಯನ್ನು. ಅಂಕಿ ಇಲ್ಲವೆಂದರೆ ಮಗು ಇಲ್ಲ. ಆದ್ದರಿಂದಲೇ ‘ಯಾವುದೇ ಅಧ್ಯಯನ ನಡೆದಿರುವುದಿಲ್ಲ’ ಎಂದು ಬರೆದು ಮುಂದೆ ಹೋಗುವುದು ಸಣ್ಣ ತಪ್ಪಲ್ಲ ಎಂದು ನಾನು ತಿಳಿದಿದ್ದೇನೆ. ‘ಇಂಥಿಂಥ ಲೆಕ್ಕಗಳನ್ನು ನೋಡಿದೆ, ಇಂಥ ಕಾರಣಕ್ಕೆ ಈ ಮಗು ಅವುಗಳಲ್ಲಿ ಸಿಗುವುದಿಲ್ಲ’ ಎಂದು ಬರೆಯುವುದು ಸಂಶೋಧನೆ. ಅದನ್ನು ಬರೆಯಲು ಆ ಲೆಕ್ಕಗಳನ್ನು ತೆರೆದು ನೋಡಿರಬೇಕು.

ಹಾಗೆ ಬರೆದ ಮೇಲೆ ಮಗುವನ್ನು ಎಲ್ಲಿ ಹುಡುಕುವುದು? ಶಾಲೆಯ ಹಾಜರಿ ಪುಸ್ತಕದಲ್ಲಿ. ಡಿಸೆಂಬರದಿಂದ ಮಾರ್ಚಿನವರೆಗಿನ ಪುಟಗಳನ್ನು ತೆರೆದರೆ ಸಾಲಾಗಿ ಗೈರುಹಾಜರಿ ಇರುವ ಹೆಸರುಗಳು ತಾವೇ ಮಾತನಾಡುತ್ತವೆ. ಮುಖ್ಯಾಧ್ಯಾಪಕರ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಮಕ್ಕಳ ಹೆಸರುಗಳನ್ನು ನಿಮ್ಮ ವಹಿಯಲ್ಲಿ ಬರೆದುಕೊಳ್ಳಬೇಡಿ, ಸಂಖ್ಯೆ ಹಾಕಿಕೊಳ್ಳಿ. ಸಾಲಕ್ಕೆ ಅಂಜಿ ಊರು ಬಿಟ್ಟ ಮನೆಯ ಹೆಸರು ನಿಮ್ಮ ಪ್ರಬಂಧದಿಂದ ಊರಿಗೆಲ್ಲ ತಿಳಿಯಬಾರದು. ಇನ್ನೊಂದು ಎಚ್ಚರಿಕೆ: ಶಿಕ್ಷಣ ಇಲಾಖೆಯ ವಲಯದ ಎಲ್ಲೆ ಮತ್ತು ಕಂದಾಯ ತಾಲೂಕಿನ ಎಲ್ಲೆ ಒಂದೇ ಎಂದು ತಿಳಿಯಬೇಡಿ, ಕೇಳಿ ಖಚಿತಪಡಿಸಿಕೊಳ್ಳಿ.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಉಳಿಯಿತು. ಮೊದಲು ನಿಮ್ಮ ಊರಿನದು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಗ್ರಂಥಾಲಯಗಳಿಗಾಗಿ ಕರವಿದೆ. ಆಸ್ತಿ ತೆರಿಗೆಯ ಜೊತೆಗೆ ನಿಮ್ಮ ಮನೆಯವರೂ ಅದನ್ನು ಕಟ್ಟುತ್ತಾರೆ. ಆದ್ದರಿಂದ ಒಳಗೆ ಹೋಗಿ ಕೂರಲು ಸಂಕೋಚಪಡಬೇಡಿ. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮ ಪಂಚಾಯಿತಿಗಳ ಇಲಾಖೆಗೆ ಸೇರಿದವು. ಈಗ ಅರಿವು ಕೇಂದ್ರ ಎಂಬ ಹೆಸರು. ಅಲ್ಲಿ ದೊಡ್ಡ ಆಕರ ಗ್ರಂಥ ಸಿಗಲಾರದು. ಆದರೆ ದಿನಪತ್ರಿಕೆ ಸಿಗುತ್ತದೆ. ಜಿಲ್ಲಾ ಪುಟದಲ್ಲಿ ಬಂದ ನಾಲ್ಕು ಸಾಲಿನ ಸುದ್ದಿಯೂ, ದಿನಾಂಕ ಬರೆದಿಟ್ಟುಕೊಂಡರೆ, ಆಕರವೇ.

ಗದಗದಲ್ಲಿ 2016ರಲ್ಲಿ ಆರಂಭವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಸಮಾಜಶಾಸ್ತ್ರದ ಕೆ. ಈಶ್ವರನ್ ಅವರು ಧಾರವಾಡದ ಹತ್ತಿರದ ಒಂದು ಹಳ್ಳಿಯನ್ನು ಕುರಿತು 1968ರಲ್ಲಿ ಪ್ರಕಟಿಸಿದ ‘ಶಿವಪುರ’ವನ್ನು ಅಲ್ಲಿ ಕೇಳಿ ನೋಡಿ. ಒಂದು ಹಳ್ಳಿಯನ್ನು ಹೇಗೆ ನೋಡಬೇಕು ಎಂಬುದಕ್ಕೆ ಅದು ಈಗಲೂ ಒಳ್ಳೆಯ ಪಾಠ. 1890ರಷ್ಟು ಹಳೆಯದಾದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಅದೇ ಊರಿನಲ್ಲಿದೆ. ದೂರದ ಗ್ರಂಥಾಲಯಕ್ಕೆ ಹೋಗುವಾಗ ಕಾಲೇಜಿನ ಗುರುತಿನ ಚೀಟಿ ಮತ್ತು ಪ್ರಾಚಾರ್ಯರ ಪತ್ರ ಕೈಯಲ್ಲಿರಲಿ. ಬಸ್ಸಿನ ಖರ್ಚು ಮಾಡಿಕೊಂಡು ಹೋಗಿ ಬಾಗಿಲಿನಿಂದ ಹಿಂದಿರುಗುವುದು ಬೇಡ.

ಧಾರವಾಡಕ್ಕೆ ಹೋಗಲಾಗದವರಿಗೆ ಕಂಪ್ಯೂಟರಿನಲ್ಲಿ ‘ಶೋಧಗಂಗಾ’ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಅಲ್ಲಿ ಹಣ ಕೊಡದೆ ಓದಬಹುದು; ಕನ್ನಡದಲ್ಲಿ ಬರೆದವೂ ಇವೆ. ಅದರಲ್ಲಿ ನಿಮ್ಮ ವಿಷಯಕ್ಕೆ ಹತ್ತಿರವಾದ ಒಂದೇ ಒಂದು ಒಳ್ಳೆಯ ಪ್ರಬಂಧ ಸಿಕ್ಕರೂ ಅರ್ಧ ಕೆಲಸ ಮುಗಿದಂತೆ. ಮೊದಲ ಪುಟದಿಂದ ಓದಬೇಡಿ, ಕೊನೆಯಿಂದ ಓದಿ. ಅಲ್ಲಿರುವ ಗ್ರಂಥಋಣದ ಪಟ್ಟಿ ನಿಮ್ಮ ಮುಂದಿನ ಒಂದು ತಿಂಗಳ ಓದು. ಅದರಿಂದ ಪುಟಗಟ್ಟಲೆ ನಕಲು ಮಾಡುವವರೂ ಇದ್ದಾರೆ. ಅವರಿಗೆ ನಾನು ಏನೂ ಹೇಳುವುದಿಲ್ಲ. ಸಂದರ್ಶನ ಪರೀಕ್ಷೆಯಲ್ಲಿ ಎರಡನೆಯ ಪ್ರಶ್ನೆಗೇ ತಿಳಿಯುತ್ತದೆ.

ಓದಿದ್ದನ್ನು ಬರೆದುಕೊಳ್ಳುವಾಗ ಲೇಖಕರ ಹೆಸರು, ಪುಸ್ತಕ, ವರ್ಷ, ಪುಟ, ಕೋಷ್ಟಕದ ಸಂಖ್ಯೆ ಇವುಗಳ ಜೊತೆಗೆ ಇನ್ನೊಂದನ್ನು ಬರೆದುಕೊಳ್ಳಿ: ಆ ಅಂಕಿಯಲ್ಲಿ ಅಂದಿನ ತಾಲೂಕು ಯಾವುದು, ಜಿಲ್ಲೆ ಯಾವುದು. ಯಾವ ಗ್ರಂಥಾಲಯದಲ್ಲಿ ಯಾವ ಶಬ್ದ ಹಾಕಿ ಹುಡುಕಿದಿರಿ, ಏನು ಸಿಗಲಿಲ್ಲ ಎಂಬುದಕ್ಕೂ ವಹಿಯ ಹಿಂದಿನ ನಾಲ್ಕು ಪುಟಗಳನ್ನು ಮೀಸಲಿಡಿ.

ಕೊನೆಯದಾಗಿ ಕಾಲದ ಮಾತು. ಗುಳೆ ಹೋದವರು ಊರಿನಲ್ಲಿ ಸಿಗುವುದು ಮುಂಗಾರಿನ ಬಿತ್ತನೆಯ ಹೊತ್ತಿಗೆ. ಅವರು ಊರಿನಲ್ಲಿ ಇಲ್ಲದ ತಿಂಗಳುಗಳು ನಿಮ್ಮ ಗ್ರಂಥಾಲಯದ ತಿಂಗಳುಗಳು. ಬೀಗ ಬಿದ್ದ ದಿನ ಶಬ್ದಗಳ ಆ ಮೊದಲ ಹಾಳೆಯನ್ನು ಬರೆಯಲು ಕುಳಿತರೆ, ಬೀಗ ತೆಗೆಯುವ ದಿನಕ್ಕೆ ಅವರಿಗೆ ಏನು ಕೇಳಬೇಕೆಂಬುದು ನಿಮಗೆ ಗೊತ್ತಿರುತ್ತದೆ.